ಕೊಟ್ಟ ಮಾತಿನ ರಸ್ತೆ: ಪೆರುವಿನ ಕಾಡಿನೊಳಗಿನ ಪೊಸೂಸೊಗೆ ಹೋಗುವ ದಾರಿ

ಪೆರುವಿನ ಒಕ್ಸಪಾಂಪ ಪಟ್ಟಣದಿಂದ ಪೊಸೂಸೊಗೆ ಸುಮಾರು 80 ಕಿಲೋಮೀಟರ್. ಬಿಸಿಲಿನ ದಿನ ಈ ದಾರಿಗೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ರಾತ್ರಿಯಿಡೀ ಮಳೆ ಹೊಯ್ದಿದ್ದರೆ ಎಷ್ಟು ಹೊತ್ತು ಎಂದು ಚಾಲಕನೂ ಹೇಳುವುದಿಲ್ಲ. ಒಂದು ಬದಿಗೆ ಕಡಿದ ಗುಡ್ಡ, ಇನ್ನೊಂದು ಬದಿಗೆ ಹೊಳೆ, ನಡುವೆ ಎದುರಿನಿಂದ ಲಾರಿ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕಾದಷ್ಟು ಅಗಲದ ಜಲ್ಲಿ ದಾರಿ. ಈ ರಸ್ತೆಯನ್ನು ಸಹಿಸಿಕೊಳ್ಳಬೇಕಾದ ಕಷ್ಟ ಎಂದು ನೋಡಬಾರದು. ಪೊಸೂಸೊ ಯಾಕೆ ಹೀಗಿದೆ, ಅಲ್ಲಿನ ಮನೆ, ಊಟ, ಮಾತು, ದನಕರು ಯಾಕೆ ಹೀಗಿವೆ ಎಂಬುದಕ್ಕೆಲ್ಲ ಉತ್ತರ ಈ ರಸ್ತೆಯಲ್ಲೇ ಇದೆ.

ಪೊಸೂಸೊ ಇರುವುದು ಪೆರು ದೇಶದ ಪಾಸ್ಕೊ ಪ್ರಾಂತದಲ್ಲಿ, ಆಂಡಿಸ್ ಪರ್ವತಗಳ ಪೂರ್ವದ ಇಳಿಜಾರಿನಲ್ಲಿ. ಅಮೆಜಾನ್ ಕಾಡು ಮೇಲೇರಿ ಬಂದು ಬೆಟ್ಟಗಳನ್ನು ಮುಟ್ಟುವ ಜಾಗ ಅದು. ಸಮುದ್ರಮಟ್ಟದಿಂದ ಎತ್ತರ ಸುಮಾರು 800 ಮೀಟರ್. ಸೆಖೆ, ಜಡಿಮಳೆ, ಬಾಳೆ, ಮರಗೆಣಸು. ಇವುಗಳ ನಡುವೆ ಅಗಲವಾದ ಮರದ ಉಪ್ಪರಿಗೆ, ಕಡಿದಾದ ಮಾಡು ಇರುವ ಮನೆಗಳು. ಬಾಗಿಲ ಮೇಲೆ ಶೂಲರ್, ಹೈಡಿಂಗರ್, ಬೋಟ್ಗರ್ ಎಂಬ ಹೆಸರುಗಳು. ಇವರ ಹಿರಿಯರು ಆಸ್ಟ್ರಿಯಾದ ಟಿರೋಲ್‌ನಿಂದಲೂ ಜರ್ಮನಿಯ ರೈನ್ ಸೀಮೆಯಿಂದಲೂ ಬಂದವರು.

ಬಂದದ್ದು ಹೇಗೆ ಎಂಬುದನ್ನು ತಿಳಿದುಕೊಂಡು ಹೊರಟರೆ ದಾರಿಯ ಪ್ರತಿ ತಿರುವಿಗೂ ಅರ್ಥ ಬರುತ್ತದೆ. 1855ರಲ್ಲಿ ಪೆರು ಸರ್ಕಾರ ಡಾಮಿಯನ್ ಫೊನ್ ಶುಟ್ಸ್-ಹೋಲ್ಟ್ಸ್‌ಹೌಸನ್ ಎಂಬ ಜರ್ಮನ್ ಬ್ಯಾರನ್ ಜತೆ ಒಪ್ಪಂದ ಮಾಡಿಕೊಂಡಿತು. ಪ್ರಯಾಣದ ಖರ್ಚು ಸರ್ಕಾರದ್ದು, ಜಮೀನು ಸರ್ಕಾರ ಕೊಡುತ್ತದೆ, ಮಲೆಯ ಮೇಲಿನ ಸೆರ್ರೊ ದೆ ಪಾಸ್ಕೊ ಗಣಿ ಪಟ್ಟಣದ ಕಡೆಯಿಂದ ಪೊಸೂಸೊ ತನಕ ರಸ್ತೆಯನ್ನೂ ಮಾಡಿಸಿಕೊಡುತ್ತದೆ ಎಂಬ ಕರಾರು. ಟಿರೋಲ್‌ನ ಇನ್ ಕಣಿವೆಯ ಬಡವರಿಗೆ ಇದು ದೊಡ್ಡ ಆಸೆ. ಅಲ್ಲಿ ಅಪ್ಪನ ಹೊಲ ಮಕ್ಕಳಲ್ಲಿ ಹಂಚಿ ಹಂಚಿ ತುಂಡಾಗಿತ್ತು. ಆಸ್ತಿ ಇಲ್ಲದವರು ಮದುವೆಯಾಗಬೇಕಾದರೆ ಊರಿನ ಅಧಿಕಾರಿಗಳ ಅಪ್ಪಣೆ ಬೇಕಿತ್ತು, ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. 1857ರ ಮಾರ್ಚ್‌ನಲ್ಲಿ ಸಿಲ್ಟ್ಸ್ ಎಂಬ ಊರಿನಿಂದ ಹೊರಟ ಗುಂಪಿನ ಜತೆ ಯೋಸೆಫ್ ಎಗ್ ಎಂಬ ಪಾದ್ರಿಯೂ ಹೊರಟರು. ಊರಲ್ಲಿ ಮದುವೆಯಾಗಲಾಗದ ಎಷ್ಟೋ ಜೋಡಿಗಳು ಈ ಪಯಣದಲ್ಲಿ ಗಂಡ ಹೆಂಡಿರಾದರು. ಹೊಸ ನಾಡಿನ ಆಸೆ ಎಂದರೆ ಬರೀ ಮಣ್ಣಿನ ಆಸೆಯಲ್ಲ. ಸಂಸಾರ ಕಟ್ಟುವ ಹಕ್ಕಿನ ಆಸೆಯೂ ಹೌದು.

ಬೆಲ್ಜಿಯಂನ ಅಂಟ್ವರ್ಪ್ ಬಂದರಿನಲ್ಲಿ ನಾರ್ಟನ್ ಎಂಬ ಸರಕಿನ ಹಡಗು ಹತ್ತಿದವರು ಸುಮಾರು 300 ಮಂದಿ. ದಕ್ಷಿಣ ಅಮೆರಿಕದ ತುದಿ ಸುತ್ತಿ ಜುಲೈ ಕೊನೆಗೆ ಪೆರುವಿನ ಕರಾವಳಿ ಮುಟ್ಟಿದರು. ಅಲ್ಲಿಂದ ಕಾಲ್ನಡಿಗೆ, ಹೇಸರಗತ್ತೆ. ಆಂಡಿಸ್ ಹತ್ತಿ ಇಳಿದು ನೋಡಿದರೆ ಮಾತು ಕೊಟ್ಟ ರಸ್ತೆ ಇಲ್ಲ. ಕಾಡಿನ ಅಂಚಿನಲ್ಲಿ ತಾತ್ಕಾಲಿಕ ಗುಡಿಸಲು ಹಾಕಿ, ತಾವೇ ಮರ ಕಡಿದು ಕಾಲುದಾರಿ ಮಾಡುತ್ತ ಮುಂದೆ ಸಾಗಿದರು. ಕೆಲವರು ಜಡ್ಡಿಗೆ ಬಲಿಯಾದರು, ಕೆಲವರು ಗುಡ್ಡ ಕುಸಿದು ಸತ್ತರು, ಹಲವರು ಬೇಸತ್ತು ಗಣಿ ಪಟ್ಟಣಕ್ಕೋ ಲಿಮಾಕ್ಕೋ ಹೊರಟುಹೋದರು. 1859ರ ಜುಲೈನಲ್ಲಿ ಪೊಸೂಸೊ ತಲುಪಿದವರು 170ರ ಆಸುಪಾಸು. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ.

1868ರಲ್ಲಿ ಇನ್ನೊಂದು ತಂಡ ಬಂತು. ಪಾದ್ರಿ ಫ್ರಾಂಟ್ಸ್ ಶಾಫರರ್ ಅವರ ಹೆಸರು ಇಂದು ಊರಿನ ವಸ್ತುಸಂಗ್ರಹಾಲಯಕ್ಕಿದೆ. ಎಗ್ ಪಾದ್ರಿ 1905ರಲ್ಲಿ ತೀರಿಕೊಳ್ಳುವ ತನಕ ಆ ಕಣಿವೆ ಬಿಟ್ಟು ಹೋಗಲಿಲ್ಲ. ಬಸ್ಸು ಲಾರಿ ಓಡುವಂಥ ರಸ್ತೆ ಬಂದದ್ದು 1975ರಲ್ಲಿ, ಒಪ್ಪಂದವಾಗಿ 120 ವರ್ಷದ ಮೇಲೆ. ಅದೂ ಮಾತಾಗಿದ್ದ ಪಶ್ಚಿಮ ದಿಕ್ಕಿನಿಂದಲ್ಲ. ಪೊಸೂಸೊದಲ್ಲಿ ಜಾಗ ಸಾಲದೆ ದಕ್ಷಿಣಕ್ಕೆ ಹೋದ ಅವರದೇ ಮಕ್ಕಳು 1891ರಲ್ಲಿ ಕಟ್ಟಿದ ಒಕ್ಸಪಾಂಪ ಪಟ್ಟಣದ ಕಡೆಯಿಂದ ಬಂತು. ಇಂದು ಹೋಗುವವರೆಲ್ಲ ಹಿಡಿಯುವುದು ಈ ದಾರಿಯನ್ನೇ.

ಲಿಮಾದಿಂದ ಒಕ್ಸಪಾಂಪಕ್ಕೆ ಹತ್ತಿರ ಹತ್ತಿರ 400 ಕಿ.ಮೀ. ರಾತ್ರಿ ಬಸ್ಸು ಹತ್ತರಿಂದ ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ಈ ಕಡೆಯ ಬಸ್ಸುಗಳು ಲಿಮಾದ ಪೂರ್ವಭಾಗದ ಯೆರ್ಬತೆರೋಸ್ ಕಡೆಯಿಂದಲೂ, ಕೆಲವು ಕಂಪನಿಗಳವು ಲಾ ವಿಕ್ಟೋರಿಯಾ ಬಡಾವಣೆಯ ತಮ್ಮ ತಮ್ಮ ನಿಲ್ದಾಣಗಳಿಂದಲೂ ಹೊರಡುತ್ತವೆ. ಚೀಟಿ ಕೊಳ್ಳುವಾಗಲೇ ಎಲ್ಲಿ ಹತ್ತಬೇಕು ಎಂದು ಕೇಳಿಕೊಳ್ಳಿ. ನೇರ ಬಸ್ಸು ಸಿಗದಿದ್ದರೆ ಲಾ ಮೆರ್ಸೆದ್ ತನಕ ಹೋಗಿ, ಅಲ್ಲಿಂದ ಎರಡು ಮೂರು ಗಂಟೆಯ ದಾರಿಗೆ ಬೇರೆಯವರ ಜತೆ ಹಂಚಿಕೊಂಡು ಹೋಗುವ ಕಾರು ಅಥವಾ ವ್ಯಾನು ಹಿಡಿಯಬಹುದು.

ಬಸ್ಸು ಸಮುದ್ರಮಟ್ಟದಿಂದ ಹೊರಟು 130 ಕಿ.ಮೀ. ಆಗುವಷ್ಟರಲ್ಲಿ ತಿಕ್ಲಿಯೊ ಘಟ್ಟದ ನೆತ್ತಿಯಲ್ಲಿರುತ್ತದೆ. ಎತ್ತರ 4,818 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟು. ಇಷ್ಟನ್ನು ನಾಲ್ಕೈದು ಗಂಟೆಯಲ್ಲಿ ಏರಿದರೆ ಮೈ ಒಗ್ಗಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದು ಸಾಮಾನ್ಯ. ಸಮಾಧಾನದ ಸಂಗತಿಯೆಂದರೆ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಆ ಕಡೆ ಇಳಿದು ಲಾ ಓರೊಯ, ತಾರ್ಮ ದಾಟಿ ಲಾ ಮೆರ್ಸೆದ್ ಹೊತ್ತಿಗೆ 750 ಮೀಟರ್‌ಗೆ ಬಂದಿರುತ್ತದೆ, ತಲೆನೋವೂ ಇಳಿದಿರುತ್ತದೆ. ಹೊರಡುವ ಮುಂಚೆ ಹೊಟ್ಟೆ ತುಂಬ ಉಣ್ಣಬೇಡಿ, ಮದ್ಯ ಮುಟ್ಟಬೇಡಿ, ನೀರು ಕುಡಿಯುತ್ತಿರಿ. ಅಸೆಟಜೋಲಮೈಡ್ ಮಾತ್ರೆ ಬೇಕೆನಿಸಿದರೆ ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮುಖ್ಯವಾಗಿ ಹೇಳಬೇಕು. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರು ವೈದ್ಯರು ಸರಿ ಎನ್ನದೆ ಈ ಘಟ್ಟ ಹತ್ತಬಾರದು. ಇನ್ನು ಚಳಿ. ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಟೋಪಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಬಸ್ಸಿನ ಹೊಟ್ಟೆಗೆ ತಳ್ಳಿದರೆ ಬೆಳಗಿನ ತನಕ ನಡುಗುವುದೇ ಗತಿ.

ಒಕ್ಸಪಾಂಪದಲ್ಲಿ ಒಂದು ರಾತ್ರಿ ನಿಲ್ಲುವುದು ಒಳ್ಳೆಯದು. 1,800 ಮೀಟರ್ ಎತ್ತರದ ತಂಪು ಊರು, ಚೌಕದ ಬಳಿ ಮರದ ಸಾಂತಾ ರೋಸಾ ಚರ್ಚು. ಹಣ ತೆಗೆಯುವ ಕೆಲಸ ಇಲ್ಲೇ ಮುಗಿಸಿ. ಪೊಸೂಸೊದಲ್ಲಿ ಕಾರ್ಡು ನಂಬಿಕೊಂಡು ಕೂರುವಂತಿಲ್ಲ, ನೂರು ಸೋಲ್‌ನ (ಸೋಲ್ ಎಂದರೆ ಪೆರುವಿನ ಹಣ) ನೋಟಿಗೆ ಚಿಲ್ಲರೆ ಸಿಗುವುದೂ ಕಷ್ಟ. ಹತ್ತು, ಇಪ್ಪತ್ತರ ನೋಟುಗಳು ಇರಲಿ. ಯನಚಾಗ-ಚೆಮಿಯೆನ್ ರಾಷ್ಟ್ರೀಯ ಉದ್ಯಾನದೊಳಗೆ ನಡೆದಾಡುವ, ರಾತ್ರಿ ತಂಗುವ ಇರಾದೆ ಇದ್ದರೆ ಉದ್ಯಾನದ ಕಚೇರಿಯೂ ಇದೇ ಊರಲ್ಲಿದೆ. ಪರವಾನಗಿ ಮುಂಚೆಯೇ ಕೇಳಿಟ್ಟುಕೊಳ್ಳಿ.

ಪೊಸೂಸೊ ವ್ಯಾನುಗಳು ಸೀಟು ತುಂಬಿದ ಮೇಲೆ ಹೊರಡುತ್ತವೆ. ಬೆಳಗಿನ ಮೊದಲ ವ್ಯಾನೇ ಒಳ್ಳೆಯದು, ಅದಕ್ಕೆ ಕಾರಣವಿದೆ. ಈ ಬೆಟ್ಟಗಳಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆಗಳಿಗೆ ಎಲ್ಲ ಕಡೆ ಸೇತುವೆ ಇಲ್ಲ. ನೀರಿನೊಳಗೇ ಇಳಿದು ವ್ಯಾನು ದಾಟುತ್ತದೆ. ಬೆಳಿಗ್ಗೆ ಪಾದ ನೆನೆಯುವಷ್ಟು ಹರಿಯುವ ತೊರೆ ಸಂಜೆ ಗಾಲಿ ಮುಳುಗುವಷ್ಟು ಬಂದಿರುತ್ತದೆ.

ಹುವಾಂಕಬಾಂಬ ಊರು ದಾಟಿದ ಮೇಲೆ ಕಣಿವೆ ಕಿರಿದಾಗುತ್ತದೆ. ರಸ್ತೆ ಹುವಾಂಕಬಾಂಬ ಹೊಳೆಯ ಪಕ್ಕಕ್ಕೇ ಅಂಟಿಕೊಂಡು ಉದ್ಯಾನದ ಅಂಚಿನಲ್ಲಿ ಇಳಿಯುತ್ತದೆ. 1986ರಲ್ಲಿ ಘೋಷಣೆಯಾದ ಈ ಉದ್ಯಾನದ ವಿಸ್ತೀರ್ಣ 1,22,000 ಹೆಕ್ಟೇರ್. ಯುಲಿತುಂಕಿ ಜಲಪಾತ ನೋಡಲು ಎಲ್ಲಿಗೂ ನಡೆಯಬೇಕಿಲ್ಲ, ದಾರಿಯ ಬದಿಗೇ ಬಂದು ಬೀಳುತ್ತದೆ. ತುಂಕಿ ಎಂದರೆ ಪೆರುವಿನ ರಾಷ್ಟ್ರಪಕ್ಷಿ. ಗಂಡು ಹಕ್ಕಿಯ ಮೈ ಕೆಂಡದ ಬಣ್ಣ, ತಲೆಯ ಮೇಲೆ ಕೊಕ್ಕನ್ನೇ ಮುಚ್ಚುವ ದುಂಡನೆಯ ಜುಟ್ಟು. ಹೊಳೆದಂಡೆಯ ಬಂಡೆಗಳ ಮೇಲೆ ಹೆಣ್ಣು ಗೂಡು ಕಟ್ಟುತ್ತದೆ. ನಸುಕಿನಲ್ಲಿ ಗಂಡುಗಳು ಒಂದೇ ಮರದ ಹತ್ತಿರ ಕೂಡಿ ಕೂಗುತ್ತ ಕುಣಿಯುತ್ತವೆ. ನಡುಹಗಲಿನ ವ್ಯಾನಿನ ಕಿಟಕಿಯಿಂದ ಅದು ಕಾಣಿಸುವುದು ಅದೃಷ್ಟ. ಖಚಿತವಾಗಿ ನೋಡಬೇಕೆಂದರೆ ಹುವಾಂಪಾಲ್ ಕಾವಲು ಠಾಣೆಯ ಬಳಿ ರಾತ್ರಿ ಉಳಿದು, ಬೆಳಕು ಹರಿಯುವ ಮುಂಚೆ ಎದ್ದಿರಬೇಕು.

ಗುಡ್ಡ ಕುಸಿತಕ್ಕೆ ಅಲ್ಲಿನವರು ಹೇಳುವ ಮಾತು ಹುವಾಯ್ಕೊ. ಬರೀ ಮಣ್ಣು ಜಾರುವುದಲ್ಲ ಅದು. ಮೇಲಿನ ಕಡಿದಾದ ಹಳ್ಳದಲ್ಲಿ ಮಣ್ಣು, ಮರ, ಬಂಡೆ ನೀರಿನ ಜತೆ ಕಲಸಿ, ಕಾಂಕ್ರೀಟಿನ ಹಾಗೆ ಗಟ್ಟಿ ಹರಿವಾಗಿ ನುಗ್ಗಿ ಬರುವುದು. ನವೆಂಬರ್‌ನಿಂದ ಏಪ್ರಿಲ್ ಇದರ ಕಾಲ. ದಾರಿ ಮುಚ್ಚಿದರೆ ಯಂತ್ರ ಬಂದು ಎತ್ತುವ ತನಕ ಕಾಯಬೇಕು, ಇಲ್ಲವೇ ತ್ರಾನ್ಸ್‌ಬೋರ್ದೊ ಮಾಡಬೇಕು. ಅಂದರೆ ಗಂಟುಮೂಟೆ ಹೊತ್ತು ಕುಸಿದ ಜಾಗವನ್ನು ನಡೆದು ದಾಟಿ, ಆ ಕಡೆ ಕಾದು ನಿಂತ ವ್ಯಾನು ಹತ್ತುವುದು. ಗಾಲಿ ಇರುವ ಸೂಟ್‌ಕೇಸು ಈ ಕೆಸರಿನಲ್ಲಿ ಕಲ್ಲಿಗಿಂತ ಭಾರ. ಬೆನ್ನಿಗೆ ಹಾಕುವ ಚೀಲವನ್ನೇ ತನ್ನಿ, ಒಳಗಿನ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಡಿ. ದಾಟುವಾಗ ಮೇಲಿನಿಂದ ಸಣ್ಣ ಕಲ್ಲು ಉರುಳುತ್ತಿದ್ದರೆ ನಿಲ್ಲಿ. ಗುಡ್ಡ ಇನ್ನೂ ತಂಗಿಲ್ಲ ಎಂದರ್ಥ. ಸ್ಥಳೀಯರು ಕಾಲಿಡದ ಕಡೆ ಕಾಲಿಡಬೇಡಿ. ಹೋಗಲು ಸರಿಯಾದ ಕಾಲ ಮೇ ತಿಂಗಳಿಂದ ಅಕ್ಟೋಬರ್.

ಕಣಿವೆ ತೆರೆದುಕೊಂಡಾಗ ಮೊದಲು ಸಿಗುವುದು ಪ್ರೂಸಿಯ. ರೈನ್ ಸೀಮೆಯವರು ನೆಲೆಸಿದ ಕೇರಿ. ಆಗ ಅವರ ಸೀಮೆ ಪ್ರಷ್ಯಾ ರಾಜ್ಯಕ್ಕೆ ಸೇರಿದ್ದರಿಂದ ಈ ಹೆಸರು. ಹೊಳೆಗೆ ಅಡ್ಡಲಾಗಿ ಚಕ್ರವರ್ತಿ ಒಂದನೆಯ ವಿಲ್ಹೆಲ್ಮನ ಹೆಸರಿನ ತೂಗುಸೇತುವೆ ಇದೆ. ಅಲ್ಲಿಂದ ಎರಡು ಮೂರು ಕಿಲೋಮೀಟರ್ ಮುಂದೆ ಟಿರೋಲ್‌ನವರ ಕೇರಿ. ಊರವರು ಅದನ್ನು ಲಾ ಕೊಲೋನಿಯ, ಅಂದರೆ ವಸಾಹತು ಎನ್ನುತ್ತಾರೆ. ಸಂತ ಜೋಸೆಫರ ಚರ್ಚು, ಶಾಫರರ್ ವಸ್ತುಸಂಗ್ರಹಾಲಯ, ಹಳೆಯ ಸ್ಮಶಾನ ಇಲ್ಲಿವೆ. ಎಲ್ಲವೂ ನಡೆದು ನೋಡುವಷ್ಟು ಹತ್ತಿರ. ಸಂಗ್ರಹಾಲಯ ದಿನವಿಡೀ ತೆರೆದಿರುತ್ತದೆ ಎಂದುಕೊಳ್ಳಬೇಡಿ. ತಂಗಿದ ಮನೆಯವರನ್ನು ಕೇಳಿದರೆ ಯಾವಾಗ ಬಾಗಿಲು ತೆಗೆಯುತ್ತಾರೆ ಎಂದು ಹೇಳುತ್ತಾರೆ. ಒಳಗೆ ಕೈಗರಗಸ, ಕೊಡಲಿ, ಹಳೆಯ ಚಿತ್ರಗಳನ್ನು ನಿಧಾನಕ್ಕೆ ನೋಡಿ. ಹೊರಗಿನಿಂದ ಯಂತ್ರ ತರಲು ದಾರಿಯೇ ಇಲ್ಲದವರು ಇಷ್ಟರಲ್ಲೇ ಒಂದು ಊರು ಕಟ್ಟಿದರು ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

ದನ ಸಾಕಣೆಯೂ ಈ ದಾರಿಯ ಲೆಕ್ಕಾಚಾರವೇ. ವಾರಗಟ್ಟಲೆ ನಡೆದು ಮಾರುಕಟ್ಟೆ ಸೇರಬೇಕಾದ ಊರಿನಲ್ಲಿ ತರಕಾರಿ ಹಣ್ಣು ಬೆಳೆದು ಮಾರುವಂತಿಲ್ಲ, ಕೊಳೆತುಹೋಗುತ್ತದೆ. ಒಣಗಿಸಿ ಕಟ್ಟಿ ಹೇಸರಗತ್ತೆಯ ಮೇಲೆ ಹೇರಬಹುದಾದ ಕೋಕಾ ಎಲೆ, ಹೊಗೆಸೊಪ್ಪು ಹಿಂದೆ ಮಾರಾಟಕ್ಕೆ ಹೋಗುತ್ತಿದ್ದವು. ದನವಾದರೆ ತನ್ನ ಕಾಲಿನಲ್ಲೇ ನಡೆದು ಹೋಗುತ್ತದೆ. ಇಂದಿಗೂ ಗುಡ್ಡದ ತುಂಬ ಹುಲ್ಲುಗಾವಲು. ಅದಕ್ಕಾಗಿ ಕಾಡು ಕಡಿದದ್ದೂ ನಿಜ. ಹುಲ್ಲು ಮಾತ್ರ ಹೊದ್ದ ಕಡಿದಾದ ಇಳಿಜಾರಿನ ಬೇರು ಆಳಕ್ಕೆ ಹೋಗುವುದಿಲ್ಲ, ಮಳೆಗೆ ಮಣ್ಣು ಬೇಗ ಸಡಿಲಾಗುತ್ತದೆ. ರಸ್ತೆಯ ಮೇಲಿನ ಗುಡ್ಡ ಬೋಳಾಗಿರುವ ಕಡೆ ನಿಂತು ಇದನ್ನು ಕಣ್ಣಾರೆ ನೋಡಬಹುದು.

ಇನ್ನೊಂದನ್ನು ಹೇಳಲೇಬೇಕು. ವಲಸೆಗಾರರಿಗೆ ಸರ್ಕಾರ ಕೊಟ್ಟ ಈ ಕಾಡು ಯಾರೂ ಇಲ್ಲದ ಜಾಗವಾಗಿರಲಿಲ್ಲ. ಇದು ಯಾನೇಶ ಜನರ ನಾಡು. ಅವರ ಹಳ್ಳಿಗಳು ಈಗಲೂ ಈ ಪ್ರದೇಶದಲ್ಲಿವೆ. 2010ರಲ್ಲಿ ಯುನೆಸ್ಕೊ ಮಾನ್ಯ ಮಾಡಿದ ಜೀವಗೋಲ ಮೀಸಲು ಪ್ರದೇಶದ ಹೆಸರೇ ಒಕ್ಸಪಾಂಪ-ಅಷಾನಿಂಕ-ಯಾನೇಶ. ಟಿರೋಲ್‌ನ ಉಡುಪು, ಅಕಾರ್ಡಿಯನ್, ಪೋಲ್ಕಾ ಕುಣಿತದ ಚಿತ್ರ ತೆಗೆದು ಹಿಂದಿರುಗುವ ಪ್ರವಾಸಿಗರು ಈ ಅರ್ಧವನ್ನು ಕೇಳದೆ ಬರುತ್ತಾರೆ. ಅದು ಸರಿಯಲ್ಲ. ಪೊಸೂಸೊ ಜಿಲ್ಲೆಯಲ್ಲಿ ಮಲೆಯಿಂದ ಇಳಿದು ಬಂದ ಆಂಡಿಸ್ ಕುಟುಂಬಗಳೂ ಬಹಳ. ಬೀದಿಯ ಮಾತು ಸ್ಪ್ಯಾನಿಶ್. ಹಳೆಯ ಟಿರೋಲ್ ನುಡಿ ಹಿರಿಯರ ಬಾಯಲ್ಲಿ ಉಳಿದಿದೆ. ರಸ್ತೆ ಬಂದ ಮೇಲೆ ಹುಟ್ಟಿದವರಿಗೆ ಅದು ಹಾಡಿನಲ್ಲಿ, ಅಡುಗೆಯ ಹೆಸರುಗಳಲ್ಲಿ ಮಾತ್ರ.

ಅಡುಗೆಯಲ್ಲಿ ನೋಡಲೇಬೇಕಾದದ್ದು ಬಾಳೆಹಣ್ಣಿನ ಸ್ಟ್ರೂಡೆಲ್. ಟಿರೋಲ್‌ನಲ್ಲಿ ಇದಕ್ಕೆ ಸೇಬು ಹಾಕುತ್ತಾರೆ. 800 ಮೀಟರ್‌ನ ಸೆಖೆಯಲ್ಲಿ ಸೇಬು ಆಗುವುದಿಲ್ಲ, ಹೊರಗಿನಿಂದ ತರಲು ದಾರಿ ಇರಲಿಲ್ಲ. ಹಿತ್ತಲಲ್ಲಿದ್ದದ್ದು ಬಾಳೆ. ಹಿಟ್ಟಿನ ಹದ ಮಾತ್ರ ಹಳೆಯದೇ: ಕಾಲು ಕಿಲೋ ಮೈದಾಕ್ಕೆ ಸುಮಾರು 125 ಮಿಲಿಲೀಟರ್ ಉಗುರುಬೆಚ್ಚನೆಯ ನೀರು, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು. ಹತ್ತು ನಿಮಿಷ ಚೆನ್ನಾಗಿ ನಾದಿ, ಮೇಲೆ ಎಣ್ಣೆ ಸವರಿ, ಕನಿಷ್ಠ ಅರ್ಧ ಗಂಟೆ ಮುಚ್ಚಿಡಬೇಕು. ಹೋಳಿಗೆಯ ಕಣಕ ನೆನೆಸಿದವರಿಗೆ ಈ ಗುಟ್ಟು ಗೊತ್ತು. ನೆನೆಯದ ಹಿಟ್ಟು ಎಳೆದರೆ ಹಿಂದಕ್ಕೆ ಸೇದಿಕೊಳ್ಳುತ್ತದೆ, ಹರಿಯುತ್ತದೆ. ಮೇಜಿನ ಮೇಲೆ ಬಟ್ಟೆ ಹಾಸಿ, ಹಿಟ್ಟು ಉದುರಿಸಿ, ಕೈ ಹಿಂಭಾಗದ ಮೇಲೆ ಹಿಟ್ಟನ್ನಿಟ್ಟು ನಡುವಿನಿಂದ ಅಂಚಿಗೆ ಎಳೆಯುತ್ತ ಹೋಗುತ್ತಾರೆ, ಕೆಳಗಿನ ಬಟ್ಟೆಯ ನೇಯ್ಗೆ ಕಾಣುವ ತನಕ. ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯನ್ನು ಮೊದಲು ಹರಡುತ್ತಾರೆ, ಹಣ್ಣು ಬಿಡುವ ನೀರನ್ನು ಅದು ಹೀರಿಕೊಳ್ಳಲಿ ಎಂದು. ಅದರ ಮೇಲೆ ಬಾಳೆಯ ಹೋಳು, ಸಕ್ಕರೆ, ದಾಲ್ಚಿನ್ನಿ. ಬಟ್ಟೆಯನ್ನೇ ಎತ್ತಿ ಉರುಳಿಸಿದರೆ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಹಣ್ಣು ತೀರಾ ಕಳಿತಿದ್ದರೆ ರಸ ಬಿಟ್ಟು ತಳ ಒದ್ದೆಯಾಗಿ ಒಡೆಯುತ್ತದೆ. ಕಾಯಿಯಾದರೆ ಬೆಂದರೂ ಹಿಟ್ಟುಹಿಟ್ಟಾಗಿರುತ್ತದೆ. ಹಳದಿ ತಿರುಗಿ ಇನ್ನೂ ಗಟ್ಟಿ ಇರುವ ಹಣ್ಣೇ ಸರಿ. ಸೇಬಿನ ಹುಳಿ ಬಾಳೆಗಿಲ್ಲ. ಒಂದಿಷ್ಟು ನಿಂಬೆರಸ ಹಿಂಡಿದರೆ ಸಿಹಿ ಅತಿಯಾಗುವುದಿಲ್ಲ.

ಉಳಿದ ಊಟ ಬಹುಪಾಲು ಮಾಂಸದ್ದು: ಹೊಗೆ ಹಾಕಿದ ಹಂದಿ, ಸಾಸೇಜು, ಮೇಲೊಂದು ಬೇಯಿಸಿದ ಮರಗೆಣಸು. ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿ ಕಾರ್ನೆ ಎಂದರೆ ಹೆಚ್ಚಾಗಿ ದನದ, ಹಂದಿಯ ಮಾಂಸ; ತಟ್ಟೆಗೆ ಕೋಳಿ ಬಂದೀತು. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಹೇಳಿ. ಸೂಪಿನ ರಸ, ಬೀನ್ಸ್ ಕಾಳಿನ ಪಲ್ಯಕ್ಕೆ ಹಾಕುವ ಕೊಬ್ಬು ಇವನ್ನು ಬೇರೆಯಾಗಿ ಕೇಳಬೇಕು. ಅನ್ನ, ಮೊಟ್ಟೆ, ಚೀಸ್, ಕರಿದ ಬಾಳೆ, ಮರಗೆಣಸು, ಹಣ್ಣಿಗೆ ಕೊರತೆ ಇಲ್ಲ. ಉಪ್ಪಿನಕಾಯಿ, ಚಟ್ನಿಪುಡಿ ಚೀಲದಲ್ಲಿದ್ದರೆ ಹೊಟ್ಟೆ ತಣ್ಣಗಿರುತ್ತದೆ.

ವಲಸೆಗಾರರು ಬಂದು ಸೇರಿದ ದಿನದ ಹಬ್ಬ ಜುಲೈ 25ರ ಸುತ್ತ ನಡೆಯುತ್ತದೆ. ಅದರ ಬೆನ್ನಿಗೇ 28, 29ಕ್ಕೆ ಪೆರುವಿನ ಸ್ವಾತಂತ್ರ್ಯೋತ್ಸವ. ಸಂಗೀತ, ಕುದುರೆ ಮೇಲಿನ ರಿಬ್ಬನ್ ಪಂದ್ಯ ನೋಡಲು ಅದೇ ಸರಿಯಾದ ವಾರ. ಕೋಣೆ, ಬಸ್ಸು ಎರಡನ್ನೂ ತಿಂಗಳುಗಳ ಮುಂಚೆ ಹಿಡಿದಿರಬೇಕು. ಊರನ್ನು ಶಾಂತವಾಗಿ ನೋಡುವ ಆಸೆ ಇದ್ದರೆ ಜೂನ್ ಅಥವಾ ಆಗಸ್ಟ್ ಕೊನೆ ವಾಸಿ. ಎರಡು ರಾತ್ರಿಗಿಂತ ಕಡಿಮೆ ಉಳಿಯಬೇಡಿ. ದೀರ್ಘ ತೋಳಿನ ಅಂಗಿ, ಸೊಳ್ಳೆ ಮುಲಾಮು ಬೇಕೇ ಬೇಕು. ಇಲ್ಲಿನ ಸಣ್ಣ ಮರಳುನೊಣ ಕಚ್ಚಿದರೆ ಲೀಶ್ಮೇನಿಯಾಸಿಸ್ ಎಂಬ ಚರ್ಮದ ಹುಣ್ಣು ಬರುವುದುಂಟು. ಊರಿಗೆ ಮರಳಿದ ಮೇಲೆ ವಾರಗಟ್ಟಲೆ ಆರದ ಹುಣ್ಣು ಕಂಡರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಭಾರತದಿಂದ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಅಧಿಕೃತ ಕೇಂದ್ರದಲ್ಲಿ ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು, ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜತೆಗೇ ಇಟ್ಟುಕೊಳ್ಳಬೇಕು. ಕೇಳುವುದು ಹೋಗುವಾಗಲ್ಲ, ಬರುವಾಗ. ಪೆರುವಿನಿಂದ ಬಂದವರ ಬಳಿ ಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದ ತನಕ ಪ್ರತ್ಯೇಕ ಇಡಬಹುದು. ವೀಸಾ ವಿಷಯದಲ್ಲಿ ಸ್ವಲ್ಪ ಸಲೀಸು: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರುವ ಭಾರತೀಯರಿಗೆ 2017ರಿಂದ ಪೆರು ಪ್ರವಾಸಿ ವೀಸಾ ಕೇಳುತ್ತಿಲ್ಲ; ಟಿಕೆಟ್ ಕೊಳ್ಳುವ ಮುಂಚೆ ರಾಯಭಾರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಘಟ್ಟದ ತಲೆನೋವಿಗೆ ಅಲ್ಲಿ ಎಲ್ಲರೂ ಕುಡಿಯುವ ಕೋಕಾ ಎಲೆಯ ಚಹಾ ಅಲ್ಲೇ ಕುಡಿದು ಮುಗಿಸಿ. ಒಂದು ಪೊಟ್ಟಣವೂ ಚೀಲದಲ್ಲಿ ಉಳಿಯದಿರಲಿ; ಕೋಕಾ ಎಲೆ ನಮ್ಮ ಮಾದಕವಸ್ತು ಕಾಯಿದೆಯ ಕೆಳಗೆ ಬರುತ್ತದೆ.

ಪೊಸೂಸೊದಿಂದ ಒಕ್ಸಪಾಂಪಕ್ಕೆ ಮರಳುವ ವ್ಯಾನಿನ ಸೀಟನ್ನು ಹಿಂದಿನ ಸಂಜೆಯೇ ಹೇಳಿಡಿ. ಲಿಮಾದಿಂದ ವಿಮಾನ ಇರುವ ದಿನಕ್ಕೂ ಪೊಸೂಸೊ ಬಿಡುವ ದಿನಕ್ಕೂ ನಡುವೆ ಒಣಗಾಲದಲ್ಲಾದರೆ ಒಂದು ಪೂರ್ತಿ ದಿನ, ಮಳೆಗಾಲದಲ್ಲಾದರೆ ಎರಡು ದಿನ ಖಾಲಿ ಬಿಟ್ಟುಕೊಳ್ಳಿ. ಕಣಿವೆಯಲ್ಲಿ ಗುಡ್ಡ ಜಾರಿದರೆ ಒಂದು ದಿನ ಹೋಗುತ್ತದೆ, ತಿಕ್ಲಿಯೊದಲ್ಲಿ ಹಿಮ ಬಿದ್ದರೆ ಇನ್ನೊಂದು.